ದೇಶದ ಲೆಕ್ಕ ಬರೆದ ಪ್ರಶಾಂತಚಂದ್ರ ಮಹಾಲನೋಬಿಸ್



ಈ ಸಲದ ಗೋಡೆ ಪತ್ರಿಕೆಗೆ ಒಬ್ಬೊಬ್ಬರೂ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದು ತರಬೇಕು ಎಂದು ಮೇಷ್ಟ್ರು ಹೇಳಿದಾಗ ನಮ್ಮ ಕ್ಲಾಸಿನಲ್ಲಿ ನಾಲ್ಕು ಜನ ವಿಶ್ವೇಶ್ವರಯ್ಯನವರನ್ನೂ ಮೂರು ಜನ ಕಿತ್ತೂರು ಚೆನ್ನಮ್ಮನನ್ನೂ ಹಿಡಿದುಕೊಂಡರು. ನಾನು ಪ್ರಶಾಂತಚಂದ್ರ ಮಹಾಲನೋಬಿಸ್ ಅಂದೆ. ಎಲ್ಲರೂ ನಕ್ಕರು. ಹೆಸರು ಹೇಳೋಕೇ ನಾಲಿಗೆ ತಿರುಗಲ್ಲ, ಇನ್ನು ಕತೆ ಏನು ಬರೀತೀಯ ಅಂದರು. ನಿಜ, ಮೊದಲ ವಾರ ನನಗೂ ತಿರುಗಲಿಲ್ಲ. ಆದರೂ ಇವರನ್ನೇ ಯಾಕೆ ಆರಿಸಿಕೊಂಡೆ ಅಂದರೆ ಅದಕ್ಕೆ ಒಂದು ಹಗ್ಗ ಕಾರಣ. ಆ ಹಗ್ಗದ ವಿಷಯ ಮೊದಲು ಹೇಳಿಬಿಡುತ್ತೇನೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ, ಅಂದರೆ 2023ರಲ್ಲಿ, ಮಳೆ ಕೈಕೊಟ್ಟಿದ್ದು ನಿಮಗೆಲ್ಲ ನೆನಪಿದೆ. ರಾಗಿ ಮೊಣಕಾಲುದ್ದಕ್ಕೇ ನಿಂತುಬಿಟ್ಟಿತ್ತು. ಕೊಯ್ಲಿನ ಹೊತ್ತಿಗೆ ಬೆಳೆ ಕಟಾವು ಪ್ರಯೋಗ ಅಂತ ಒಬ್ಬ ಸಾಹೇಬರು ಬಂದರು. ಪಂಚಾಯ್ತಿಗೆ ನಾಲ್ಕು ಹೊಲ ಆರಿಸುತ್ತಾರೆ, ಅದರ ಇಳುವರಿ ನೋಡಿ ಇಡೀ ಪಂಚಾಯ್ತಿಯ ಇಳುವರಿ ಎಷ್ಟು ಅಂತ ಹೇಳುತ್ತಾರೆ. ಹಿಂದಿನ ವರ್ಷಗಳ ಲೆಕ್ಕಕ್ಕಿಂತ ಕಮ್ಮಿ ಬಂದರೆ ವಿಮೆ ಕಟ್ಟಿದವರಿಗೆಲ್ಲ ದುಡ್ಡು ಬರುತ್ತದೆ. ಆರಿಸಿದ ನಂಬರಿನಲ್ಲಿ ನಮ್ಮ ಚಿಕ್ಕಪ್ಪನ ಹೊಲ ಇತ್ತು. ಆ ಹೊಲದ ಮೇಲಿನ ಅರ್ಧ ಪೂರಾ ಒಣಗಿತ್ತು. ಕೆಳಗಿನ ಅರ್ಧ ಕೆರೆ ಅಂಗಳಕ್ಕೆ ಹತ್ತಿರ ಇದ್ದುದರಿಂದ ಸ್ವಲ್ಪ ಪರವಾಗಿಲ್ಲ. ಸಾಹೇಬರು ಮೂಲೆಯಿಂದ ಹೆಜ್ಜೆ ಎಣಿಸುತ್ತಾ ಬಂದರು. ಉದ್ದಕ್ಕೆ ಇಷ್ಟು ಅಡ್ಡಕ್ಕೆ ಇಷ್ಟು ಅಂತ ಮೊದಲೇ ನಂಬರ್ ಬರೆದುಕೊಂಡಿದ್ದರು. ಆ ಜಾಗ ಬಿದ್ದಿದ್ದು ಕೆಳಗಿನ ಅರ್ಧದಲ್ಲಿ! ಚಿಕ್ಕಪ್ಪ ಕೈಮುಗಿದು ಇಪ್ಪತ್ತು ಹೆಜ್ಜೆ ಮೇಲಕ್ಕೆ ಹಗ್ಗ ಹಾಕಿ ಸ್ವಾಮಿ, ಊರಿಗೇ ಉಪಕಾರ ಆಗುತ್ತೆ ಅಂತ ಕೇಳಿಕೊಂಡರು. ಸಾಹೇಬರು ಆಗಲ್ಲ ಅಂದುಬಿಟ್ಟರು. ಐದು ಮೀಟರ್ ಉದ್ದ ಐದು ಮೀಟರ್ ಅಗಲ ಹಗ್ಗ ಎಳೆದರು. ಒಂದು ಮೂಲೆಯಲ್ಲಿ ಹಗ್ಗ ಹಿಡಿದಿದ್ದು ನಾನು.

ಇದನ್ನು ಇಲ್ಲಿಯತನಕ ಯಾರಿಗೂ ಹೇಳಿರಲಿಲ್ಲ. ನನ್ನ ಮೂಲೆಯಲ್ಲಿ ಹಗ್ಗದ ಕೆಳಗೇ ಒಂದು ದಪ್ಪ ಬುಡ ಇತ್ತು, ಐದಾರು ಒಳ್ಳೆ ತೆನೆ ಬಿಟ್ಟಿತ್ತು. ಚಿಕ್ಕಪ್ಪನ ಮುಖ ನೋಡಿದೆ. ಸಾಹೇಬರು ಆ ಕಡೆ ತಿರುಗಿದಾಗ ಕಾಲಿನಿಂದ ಹಗ್ಗ ಸ್ವಲ್ಪ ಒಳಕ್ಕೆ ನೂಕಿದೆ. ಆ ಬುಡ ಲೆಕ್ಕದಿಂದ ಆಚೆ ಹೋಯಿತು. ಆ ವರ್ಷ ವಿಮೆ ದುಡ್ಡು ಬಂತು, ಆದರೆ ಅಪ್ಪ ಅಂದುಕೊಂಡಷ್ಟು ಬರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಆ ಸಾಹೇಬರನ್ನು ಬೈದರು. ನಾನೂ ಬೈದೆ.

ಈ ಥರ ಕೆಲವೇ ಹೊಲ ನೋಡಿ ನಾಡಿನ ಬೆಳೆ ಹೇಳುವ ವಿದ್ಯೆಯನ್ನು ನಮ್ಮ ದೇಶದಲ್ಲಿ ಬೆಳೆಸಿದವರು ಯಾರು ಅಂತ ಈ ವರ್ಷ ಗಣಿತದ ಮೇಷ್ಟ್ರನ್ನು ಕೇಳಿದೆ. ಆಗ ಅವರು ಹೇಳಿದ ಹೆಸರೇ ಮಹಾಲನೋಬಿಸ್.

ಮಹಾಲನೋಬಿಸ್ ಅವರು 1893ನೇ ಇಸವಿ ಜೂನ್ 29ರಂದು ಕಲ್ಕತ್ತೆಯಲ್ಲಿ ಹುಟ್ಟಿದರು. ಬ್ರಹ್ಮ ಸಮಾಜದ ಮನೆತನ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ 1912ರಲ್ಲಿ ಪಾಸಾದರು. ಮುಂದೆ ಓದಲು ಇಂಗ್ಲೆಂಡಿಗೆ ಹೋದರು. ಲಂಡನ್ನಿನಲ್ಲಿ ಓದಬೇಕು ಅಂದುಕೊಂಡಿದ್ದವರು ಒಂದು ದಿನ ಕೇಂಬ್ರಿಜ್ ನೋಡಿಕೊಂಡು ಬರಲು ಹೋಗಿ ವಾಪಸು ಬರುವ ಕೊನೆಯ ರೈಲು ತಪ್ಪಿಸಿಕೊಂಡರಂತೆ. ರಾತ್ರಿ ಗೆಳೆಯರ ಹತ್ತಿರ ಉಳಿದರು. ಆ ಊರು ಹಿಡಿಸಿ ಅಲ್ಲೇ ಕಿಂಗ್ಸ್ ಕಾಲೇಜಿಗೆ ಸೇರಿಬಿಟ್ಟರು. ರೈಲು ತಪ್ಪಿದ್ದರಿಂದ ಆದ ಒಳ್ಳೆಯದು ಇದೊಂದನ್ನೇ ನಾನು ಕೇಳಿದ್ದು.

ಅಲ್ಲಿ ನಮ್ಮ ಗಣಿತದ ರಾಮಾನುಜನ್ ಅವರ ಸ್ನೇಹ ಆಯಿತು. ಒಂದು ದಿನ ರಾಮಾನುಜನ್ ರೂಮಿಗೆ ಹೋದಾಗ ರಾತ್ರಿ ಚಳಿಗೆ ಏನು ಮಾಡುತ್ತೀರಿ ಅಂತ ವಿಚಾರಿಸಿದರು. ಓವರ್‌ಕೋಟು ಹಾಕಿಕೊಂಡು ಶಾಲು ಸುತ್ತಿಕೊಂಡು ಮಲಗುತ್ತೇನೆ, ಆದರೂ ಚಳಿ ಅಂತ ರಾಮಾನುಜನ್ ಹೇಳಿದರು. ಮಹಾಲನೋಬಿಸ್ ಸುಮ್ಮನೆ ಅಯ್ಯೋ ಪಾಪ ಅನ್ನದೆ ಒಳಗೆ ಹೋಗಿ ಮಂಚವನ್ನೇ ನೋಡಿದರು. ಕಂಬಳಿಗಳೆಲ್ಲ ಮೇಲುಹಾಸಿನ ಕೆಳಗೆ ನೀಟಾಗಿ ಮಡಚಿ ಸಿಕ್ಕಿಸಿದಂತೆಯೇ ಇದ್ದವು! ರಾಮಾನುಜನ್ ಇಷ್ಟು ದಿನ ಕಂಬಳಿಗಳ ಮೇಲೆ ಮಲಗುತ್ತಿದ್ದರು. ಅವುಗಳನ್ನು ಬಿಡಿಸಿ ಒಳಗೆ ತೂರಿಕೊಳ್ಳುವುದು ಹೇಗೆ ಅಂತ ಇವರು ತೋರಿಸಿಕೊಟ್ಟರು. ಇದು ಚಿಕ್ಕ ವಿಷಯ. ಆದರೆ ಈ ಮನುಷ್ಯನ ಬುದ್ಧಿ ಹೇಗೆ ಓಡುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಇದರಿಂದಲೇ. ಅವರು ಹೇಳಿಕೆ ಕೇಳಿ ಸುಮ್ಮನಾಗುವವರಲ್ಲ, ಹೋಗಿ ನೋಡುವವರು.

1915ರಲ್ಲಿ ಊರಿಗೆ ಹೊರಟಾಗ ಮಹಾಯುದ್ಧದಿಂದ ಹಡಗು ತಡ ಆಯಿತು. ಕಾಲ ಕಳೆಯಲು ಕಾಲೇಜಿನ ಲೈಬ್ರರಿಯಲ್ಲಿ ಕೂತಿದ್ದಾಗ ಅವರ ಗುರುಗಳೊಬ್ಬರು ಬಯೊಮೆಟ್ರಿಕಾ ಎಂಬ ಪತ್ರಿಕೆ ತೋರಿಸಿದರು. ಅದರ ತುಂಬ ಸಂಖ್ಯಾಶಾಸ್ತ್ರ. ಅದು ಎಷ್ಟು ಹಿಡಿಸಿತೆಂದರೆ ಇಡೀ ಕಟ್ಟನ್ನೇ ಕೊಂಡುಕೊಂಡು ಹಡಗಿನಲ್ಲಿ ಓದುತ್ತಾ ಬಂದರು. ರಜೆಗೆ ಅಂತ ಬಂದವರು ಕಲ್ಕತ್ತೆಯಲ್ಲೇ ಭೌತಶಾಸ್ತ್ರದ ಮೇಷ್ಟ್ರಾಗಿ ಉಳಿದರು. ಆದರೆ ತಲೆಯ ತುಂಬ ಈ ಹೊಸ ವಿದ್ಯೆ. ಬ್ರಜೇಂದ್ರನಾಥ ಸೀಲ್ ಎಂಬ ದೊಡ್ಡ ವಿದ್ವಾಂಸರು ಇವರನ್ನು ಕರೆದು ಕಲ್ಕತ್ತಾ ವಿಶ್ವವಿದ್ಯಾಲಯದ ಪರೀಕ್ಷೆ ಅಂಕಗಳನ್ನು ಪರಿಶೀಲಿಸಲು ಕೊಟ್ಟರು. ಈ ಸೀಲ್ ಅವರೇ 1921ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿ ಬಂದವರು. ಓದಿದಾಗ ನನಗೆ ಖುಷಿಯಾಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. 1922ರಲ್ಲಿ ಉತ್ತರ ಬಂಗಾಳದಲ್ಲಿ ಭಾರಿ ನೆರೆ ಬಂತು. ನೀರು ತಡೆದು ನಿಲ್ಲಿಸಲು ದೊಡ್ಡ ದೊಡ್ಡ ತೊಟ್ಟಿಯಂಥ ಕಟ್ಟೆಗಳನ್ನು ಕಟ್ಟಬೇಕು, ಅದಕ್ಕೆ ಬಹಳ ಹಣ ಬೇಕು ಅಂತ ಇಂಜಿನಿಯರುಗಳು ಹೇಳಿದರು. ಸರ್ಕಾರ ಮಹಾಲನೋಬಿಸರನ್ನು ಕೇಳಿತು. ಅವರು ಸುಮಾರು ಐವತ್ತು ವರ್ಷದ ಮಳೆ ಮತ್ತು ನೆರೆಯ ಲೆಕ್ಕವನ್ನೆಲ್ಲ ತೆಗೆದು ಕೂತರು. ಕಟ್ಟೆಗಳಿಂದ ಪ್ರಯೋಜನ ಇಲ್ಲ, ನೀರು ಬೇಗ ಹರಿದುಹೋಗಲು ದಾರಿ ಮಾಡಬೇಕು ಅಂತ ಗೊತ್ತಾಯಿತು. ಆಮೇಲೆ 1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿ ಉಕ್ಕಿತು. ನದಿಯ ತಳ ಹೂಳಿನಿಂದ ಮೇಲೆದ್ದಿದೆ, ದಂಡೆಯ ಏರಿಗಳನ್ನು ಎತ್ತರ ಮಾಡಬೇಕು ಅಂದರು. ಇವರು ಅರವತ್ತು ವರ್ಷದ ಲೆಕ್ಕ ನೋಡಿದರೆ ತಳ ಮೇಲೆ ಎದ್ದೇ ಇರಲಿಲ್ಲ! ಮೇಲಿನ ಸೀಮೆಯಲ್ಲಿ ವಿಪರೀತ ಮಳೆ ಬಿದ್ದದ್ದೇ ಕಾರಣ. ಏರಿ ಎತ್ತರಿಸುವುದಕ್ಕಿಂತ ಮೇಲ್ಗಡೆ ಅಣೆಕಟ್ಟು ಕಟ್ಟುವುದು ಒಳ್ಳೆಯದು ಅಂತ ಸೂಚಿಸಿದರು. ಒರಿಸ್ಸಾದ ಮಹಾನದಿಗೆ ಹಿರಾಕುಡ್ ಅಣೆಕಟ್ಟು ಆಗಿದ್ದು ಮೂವತ್ತು ವರ್ಷದ ಮೇಲೆ, 1957ರಲ್ಲಿ. ನೋಡಿ, ಈ ಲೆಕ್ಕದ ಪುಸ್ತಕಗಳೆಲ್ಲ ಕಚೇರಿಗಳಲ್ಲೇ ಇದ್ದವು. ತೆಗೆದು ನೋಡುವವರು ಇರಲಿಲ್ಲ ಅಷ್ಟೆ.

1931ರ ಡಿಸೆಂಬರ್ 17ರಂದು ಕೆಲವರನ್ನು ಸೇರಿಸಿಕೊಂಡು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಶುರುಮಾಡಿದರು. ಸಂಸ್ಥೆ ಅಂದರೆ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಒಂದು ರೂಮು. ಮೊದಲ ವರ್ಷದ ಖರ್ಚು 250 ರೂಪಾಯಿಗಿಂತ ಕಮ್ಮಿ! ಈಗ ಆ ಸಂಸ್ಥೆಯ ಒಂದು ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಇದೆ. 1941ರಲ್ಲಿ ಆ ಸಂಸ್ಥೆಗೆ ಕಲಿಯಲು ಬಂದ ಒಬ್ಬ ಹುಡುಗ ಸಿ.ಆರ್. ರಾವ್. ಅವರು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಮುಂದೆ ಜಗತ್ತಿಗೇ ಹೆಸರಾದ ಸಂಖ್ಯಾಶಾಸ್ತ್ರಜ್ಞರಾಗಿ 2023ರಲ್ಲಿ 102 ವರ್ಷ ತುಂಬಿ ತೀರಿಕೊಂಡರು. ಅವರದೇ ಬೇರೆ ಲೇಖನ ಬರೆಯಬೇಕು, ಮುಂದಿನ ಸಲ ಯಾರಾದರೂ ಬರೆಯಿರಿ.

ಬಂಗಾಳದ ಮುಖ್ಯ ಬೆಳೆ ಸೆಣಬು. ಗೋಣಿಚೀಲ ಮಾಡುತ್ತಾರಲ್ಲ ಅದು. ವರ್ಷಕ್ಕೆ ಎಷ್ಟು ಬೆಳೆಯುತ್ತೆ ಅಂತ ಸರ್ಕಾರಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಕಡೆ ಶ್ಯಾನುಭೋಗರು ಲೆಕ್ಕ ಬರೆಯುತ್ತಿದ್ದರಲ್ಲ, ಬಂಗಾಳದಲ್ಲಿ ಜಮೀನ್ದಾರಿ ಇದ್ದುದರಿಂದ ಅಂಥವರು ಇರಲಿಲ್ಲ. ಊರ ಚೌಕಿದಾರ ಬಂದು ಕಣ್ಣಂದಾಜಿನಲ್ಲಿ ಹೇಳಿದ್ದೇ ಲೆಕ್ಕ. ಪೂರ್ತಿ ಬೆಳೆ ಅಂದರೆ 16 ಆಣೆ, ಅರ್ಧ ಅಂದರೆ 8 ಆಣೆ. ನಮ್ಮ ತಾತನೂ ಈಗಲೂ ಎಂಟಾಣೆ ಬೆಳೆ ಅನ್ನುತ್ತಾರೆ. ಆದರೆ ಒಬ್ಬನ ಎಂಟಾಣೆ ಇನ್ನೊಬ್ಬನಿಗೆ ಹತ್ತಾಣೆ ಆಗಿ ಕಾಣಬಹುದು.

1937ರಿಂದ ಮಹಾಲನೋಬಿಸ್ ಸೆಣಬಿನ ಸಮೀಕ್ಷೆ ಮಾಡಿದರು. ಎಲ್ಲ ಹೊಲವನ್ನೂ ಅಳೆಯಲು ಸಾಧ್ಯವಿಲ್ಲ. ಅನ್ನ ಬೆಂದಿದೆಯಾ ಅಂತ ನೋಡೋಕೆ ಅಮ್ಮ ಎರಡು ಅಗುಳು ಹಿಚುಕಿ ನೋಡುತ್ತಾರೆ, ಪಾತ್ರೆ ಪೂರಾ ಹಿಚುಕುವುದಿಲ್ಲ. ಹಾಗೇ ಕೆಲವು ಹೊಲ ನೋಡಿದರೆ ಸಾಕು. ಆದರೆ ಯಾವ ಅಗುಳು? ಮೇಲಿನ ಅಗುಳು ಬೆಂದಿಲ್ಲದಿರಬಹುದು, ತಳದ್ದು ಸೀದಿರಬಹುದು. ಆರಿಸುವವನ ಕೈಗೆ ಬಿಟ್ಟರೆ ರಸ್ತೆ ಪಕ್ಕದ ಹೊಲ, ಪರಿಚಯದವರ ಹೊಲ ಇವನ್ನೇ ಆರಿಸುತ್ತಾನೆ. ಅದಕ್ಕೇ ಚೀಟಿ ಎತ್ತಿದ ಹಾಗೆ ಆರಿಸಬೇಕು. ಯಾರ ಇಷ್ಟವೂ ಅದರಲ್ಲಿ ಸೇರಬಾರದು. ಇದನ್ನು ಓದುವಾಗ ನನಗೆ ಆ ಸಾಹೇಬರು ಎಣಿಸಿದ ಹೆಜ್ಜೆಗಳು ನೆನಪಾದವು.

ಇನ್ನೊಂದು ಉಪಾಯವನ್ನೂ ಮಾಡಿದರು. ಒಂದೇ ಸೀಮೆಗೆ ಎರಡು ತಂಡ ಕಳಿಸುವುದು. ಇವರ ಲೆಕ್ಕ ಅವರಿಗೆ ಗೊತ್ತಿಲ್ಲ, ಅವರದ್ದು ಇವರಿಗೆ ಗೊತ್ತಿಲ್ಲ. ಎರಡೂ ಹತ್ತಿರ ಬಂದರೆ ನಂಬಬಹುದು. ದೂರ ದೂರ ಬಂದರೆ ಎಲ್ಲೋ ಯಾರೋ ಮರದ ಕೆಳಗೆ ಕೂತು ಬರೆದಿದ್ದಾರೆ ಅಂತ ಅರ್ಥ. ನಮ್ಮ ಕಾಪಿ ಪುಸ್ತಕ ತಿದ್ದುವಾಗ ಮೇಷ್ಟ್ರು ಪಕ್ಕದವನ ಪುಸ್ತಕ ಇಟ್ಟುಕೊಂಡು ನೋಡುವುದಿಲ್ಲವೇ, ಅದರ ಉಲ್ಟಾ ಇದು.

ಇಷ್ಟಾದರೂ ಇವರು ಹೇಳಿದ್ದನ್ನೆಲ್ಲ ಎಲ್ಲರೂ ಒಪ್ಪಲಿಲ್ಲ. ಮಹಾಲನೋಬಿಸ್ ನಾಲ್ಕು ಅಡಿ ತ್ರಿಜ್ಯದ ಪುಟ್ಟ ವೃತ್ತದಲ್ಲಿ ಪೈರು ಕೊಯ್ದು ತೂಗಿದರೆ ಸಾಕು ಅನ್ನುತ್ತಿದ್ದರು. ಪಿ.ವಿ. ಸುಖಾತ್ಮೆ ಎಂಬ ಇನ್ನೊಬ್ಬ ದೊಡ್ಡ ಸಂಖ್ಯಾಶಾಸ್ತ್ರಜ್ಞರು ಅದು ತೀರ ಚಿಕ್ಕದು, ಗೆರೆಯ ಮೇಲಿನ ಪೈರನ್ನೆಲ್ಲ ಕೊಯ್ಯುವವರು ಒಳಕ್ಕೆ ಸೇರಿಸಿಬಿಡುತ್ತಾರೆ, ಇಳುವರಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ ಅಂತ ವಾದಿಸಿದರು. ನಾನು ಇದನ್ನು ಲೆಕ್ಕ ಹಾಕಿ ನೋಡಿದೆ. ನಾಲ್ಕು ಅಡಿ ತ್ರಿಜ್ಯದ ವೃತ್ತದ ಸುತ್ತಳತೆ ಸುಮಾರು 25 ಅಡಿ, ವಿಸ್ತೀರ್ಣ 50 ಚದರ ಅಡಿ. ಅಂದರೆ ಎರಡು ಚದರ ಅಡಿಗೆ ಒಂದು ಅಡಿ ಗೆರೆ. ನಮ್ಮ ಐದು ಮೀಟರಿನ ಚೌಕದ ಸುತ್ತಳತೆ ಸುಮಾರು 66 ಅಡಿ, ವಿಸ್ತೀರ್ಣ 269 ಚದರ ಅಡಿ. ಅಲ್ಲಿ ನಾಲ್ಕು ಚದರ ಅಡಿಗೆ ಒಂದು ಅಡಿ ಗೆರೆ. ಜಾಗ ದೊಡ್ಡದಾದಷ್ಟೂ ಗೆರೆಯ ತಂಟೆ ಕಮ್ಮಿ. ಈ ವಿಷಯದಲ್ಲಿ ನಾನು ಸುಖಾತ್ಮೆಯವರ ಕಡೆ. ಯಾಕೆಂದರೆ ಗೆರೆಯ ಮೇಲೆ ನಿಂತವರು ಏನು ಮಾಡುತ್ತಾರೆ ಅಂತ ನನಗೆ ಗೊತ್ತು. ಅಲ್ಲಿಯವರು ಒಳಕ್ಕೆ ಸೇರಿಸುತ್ತಿದ್ದರು, ನಾನು ಆಚೆ ನೂಕಿದೆ, ಅಷ್ಟೇ ವ್ಯತ್ಯಾಸ.

1947ರಲ್ಲಿ ಸ್ವಾತಂತ್ರ್ಯ ಬಂದಾಗ ದಿಲ್ಲಿಯಲ್ಲಿ ಗಲಭೆಗಳಾದವು. ಪ್ರಾಣ ಉಳಿಸಿಕೊಳ್ಳಲು ಬಹಳ ಜನ ಕೆಂಪುಕೋಟೆಯೊಳಗೆ ಸೇರಿಕೊಂಡರು. ಅವರಿಗೆ ಊಟ ಹಾಕಲು ಸರ್ಕಾರ ಕಂಟ್ರಾಕ್ಟರುಗಳಿಗೆ ವಹಿಸಿತು. ಬಿಲ್ಲು ಬೆಳೆಯುತ್ತಾ ಹೋಯಿತು. ಒಳಗೆ ಎಷ್ಟು ಜನ ಇದ್ದಾರೆ ಅಂತ ಗೊತ್ತಿಲ್ಲ, ಒಳಗೆ ಹೋಗಿ ಎಣಿಸುವ ಹಾಗೂ ಇಲ್ಲ. ಸಂಖ್ಯಾಶಾಸ್ತ್ರಜ್ಞರನ್ನು ಕೇಳಿದರು. ಮಹಾಲನೋಬಿಸರ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಜೆ.ಎಂ. ಸೇನಗುಪ್ತ ಎಂಬವರಿಗೆ ಒಂದು ಉಪಾಯ ಹೊಳೆಯಿತು. ಬಿಲ್ಲಿನಲ್ಲಿ ಅಕ್ಕಿ, ಬೇಳೆ, ಉಪ್ಪು ಎಲ್ಲ ಇತ್ತು. ಒಬ್ಬರಿಗೆ ದಿನಕ್ಕೆ ಅಕ್ಕಿ ಎಷ್ಟು ಬೇಕೋ ಅದರಿಂದ ಭಾಗಿಸಿದರೆ ಜನ ಎಷ್ಟು ಅಂತ ಬರಬೇಕು. ಬೇಳೆಯಿಂದಲೂ ಅಷ್ಟೇ ಬರಬೇಕು, ಉಪ್ಪಿನಿಂದಲೂ ಅಷ್ಟೇ ಬರಬೇಕು. ಆದರೆ ಬೇರೆ ಬೇರೆ ಬಂತು! ಅಕ್ಕಿಯ ಲೆಕ್ಕದಲ್ಲಿ ಜನ ಎಲ್ಲಕ್ಕಿಂತ ಜಾಸ್ತಿ, ಉಪ್ಪಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಮ್ಮಿ. ಅಕ್ಕಿಗೆ ಬೆಲೆ ಜಾಸ್ತಿ, ಸುಳ್ಳು ಬರೆದರೆ ಲಾಭ. ಉಪ್ಪು ಬಲು ಅಗ್ಗ, ಅದರಲ್ಲಿ ಸುಳ್ಳು ಬರೆದು ಯಾರಿಗೇನು ಸಿಗುತ್ತೆ? ಅದಕ್ಕೆ ಉಪ್ಪನ್ನೇ ನಂಬಿದರು. ಹುಮಾಯೂನನ ಗೋರಿಯ ಹತ್ತಿರ ಇದ್ದ ಚಿಕ್ಕ ಶಿಬಿರದಲ್ಲಿ ಇದೇ ರೀತಿ ಮಾಡಿ, ಬೇರೆಯಾಗಿ ಎಣಿಸಿದ ಲೆಕ್ಕದ ಜೊತೆ ಹೋಲಿಸಿದರೆ ಸರಿಹೊಂದಿತು. ಇದನ್ನೆಲ್ಲ ಬರೆದಿಟ್ಟವರು ನಮ್ಮ ಹಡಗಲಿಯ ಸಿ.ಆರ್. ರಾವ್ ಅವರೇ.

ಈ ಕತೆ ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ನಮ್ಮ ಶಾಲೆಯ ಬಿಸಿಯೂಟದಲ್ಲಿ ನೋಡೇಬಿಡೋಣ ಅಂತ ನಾನೂ ನನ್ನ ಗೆಳತಿಯೂ ಹೊರಟೆವು. ನಮ್ಮ ಮನೆಯಲ್ಲಿ ಐದು ಜನ, ಒಂದು ಕೆಜಿ ಉಪ್ಪು 25 ದಿನ ಬರುತ್ತೆ. ಅಂದರೆ ಒಬ್ಬರಿಗೆ ದಿನಕ್ಕೆ 8 ಗ್ರಾಂ, ಒಂದು ಹೊತ್ತಿಗೆ 4 ಗ್ರಾಂ ಅಂತ ಇಟ್ಟುಕೊಂಡೆವು. ಅಡುಗೆ ಅಕ್ಕನನ್ನು ಕೇಳಿದರೆ ಎರಡು ಪ್ಯಾಕೆಟ್ ಐದು ದಿನ ಬರುತ್ತೆ ಅಂದರು. ದಿನಕ್ಕೆ 400 ಗ್ರಾಂ. ನಾಲ್ಕರಿಂದ ಭಾಗಿಸಿದರೆ 100 ಮಕ್ಕಳು. ಆವತ್ತು ಊಟಕ್ಕೆ ಕೂತಿದ್ದವರು 91! ಒಂಬತ್ತು ಜನ ಎಲ್ಲಿಂದ ಬಂದರು ಅಂತ ತಲೆ ಕೆಡಿಸಿಕೊಂಡೆವು. ಅಡುಗೆ ಅಕ್ಕ ನಕ್ಕು, ಸೊಪ್ಪು ತೊಳೆಯೋ ನೀರಿಗೂ ಒಂದು ಹಿಡಿ ಉಪ್ಪು ಹಾಕ್ತೀನಲ್ಲ ಅಂದರು. ಆ ಒಂಬತ್ತು ಜನ ಸೊಪ್ಪು ತೊಳೆದ ನೀರಿನಲ್ಲಿ ಹೋಗಿದ್ದರು. ಅಡುಗೆ ಮನೆಗೆ ಹೋಗಿ ಕೇಳದೇ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

1949ರಲ್ಲಿ ಮಹಾಲನೋಬಿಸರು ಭಾರತ ಸರ್ಕಾರದ ಸಂಖ್ಯಾಶಾಸ್ತ್ರ ಸಲಹೆಗಾರರಾದರು. ಹೊಸದಾಗಿ ಸ್ವತಂತ್ರವಾದ ದೇಶ. ಜನ ಏನು ತಿನ್ನುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ, ಎಷ್ಟು ಜನಕ್ಕೆ ಕೆಲಸ ಇದೆ, ಏನೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದೆ ಯೋಜನೆ ಹಾಕುವುದು ಹೇಗೆ? ಹಾಗಾಗಿ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ದೇಶದಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಹಳ್ಳಿಗಳು, ಅದರಲ್ಲಿ 1833 ಹಳ್ಳಿ ಆರಿಸಿದರು. ಆಳುಗಳು ಮನೆಮನೆಗೆ ಹೋಗಿ ಕೇಳಬೇಕು. ಊರಿಗೊಂದು ಭಾಷೆ, ಊರಿಗೊಂದು ಅಳತೆ. ನಮ್ಮಜ್ಜಿಯನ್ನು ಕೇಳಿದರೆ ಸೇರು, ಪಾವು, ಪಲ್ಲ, ಖಂಡುಗ ಅನ್ನುತ್ತಾರೆ. ಅದನ್ನೆಲ್ಲ ಒಂದೇ ಅಳತೆಗೆ ತರಬೇಕು. ಆ ಸಮೀಕ್ಷೆ ಇವತ್ತಿಗೂ ನಡೆಯುತ್ತಿದೆ.

ಎರಡನೇ ಪಂಚವಾರ್ಷಿಕ ಯೋಜನೆಗೆ, ಅಂದರೆ 1956ರಿಂದ 1961ರ ಯೋಜನೆಗೆ, ಲೆಕ್ಕದ ಬುನಾದಿ ಹಾಕಿದವರೂ ಇವರೇ. ಉಕ್ಕು, ಯಂತ್ರ ಇಂಥ ದೊಡ್ಡ ಕೈಗಾರಿಕೆ ಮೊದಲು ಬರಲಿ ಅಂದರು. ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳು ಆ ಯೋಜನೆಯಲ್ಲಿ ಬಂದವು. ಬಿ.ಆರ್. ಶೆಣೈ ಎಂಬ ಅರ್ಥಶಾಸ್ತ್ರಜ್ಞರು ಇಷ್ಟು ದೊಡ್ಡ ಯೋಜನೆಗೆ ದೇಶದ ಹತ್ತಿರ ದುಡ್ಡಿಲ್ಲ ಅಂತ ಒಬ್ಬರೇ ವಿರೋಧ ಬರೆದುಕೊಟ್ಟರು. 1960ರ ದಶಕದಲ್ಲಿ ನಮಗೆ ಅಮೆರಿಕದಿಂದ ಗೋಧಿ ತರಿಸಬೇಕಾಯಿತು ಅಂತ ತಾತ ಹೇಳುತ್ತಾರೆ. ಹೊಲಗಳನ್ನು ಅಷ್ಟು ಚೆನ್ನಾಗಿ ಅಳೆದವರು ಹೊಲಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಕೊಡಬಹುದಿತ್ತು ಅಂತ ನನಗೆ ಅನ್ನಿಸುತ್ತದೆ. ದೊಡ್ಡವರು ಬೈಯಬೇಡಿ.

ಅವರ ಹೆಂಡತಿಯ ಹೆಸರು ನಿರ್ಮಲಕುಮಾರಿ. ರವೀಂದ್ರನಾಥ ಠಾಕೂರರಿಗೆ ಇಬ್ಬರೂ ಬಹಳ ಬೇಕಾದವರು. ಹತ್ತು ವರ್ಷ ವಿಶ್ವಭಾರತಿಯ ಕಾರ್ಯದರ್ಶಿ ಆಗಿಯೂ ಮಹಾಲನೋಬಿಸ್ ಕೆಲಸ ಮಾಡಿದರು. 1956ರಲ್ಲಿ ನಮ್ಮ ದೇಶದ ಮೊದಲ ಡಿಜಿಟಲ್ ಕಂಪ್ಯೂಟರ್ ಬಂದದ್ದು ಅವರ ಸಂಸ್ಥೆಗೇ. 1968ರಲ್ಲಿ ಪದ್ಮವಿಭೂಷಣ ಸಿಕ್ಕಿತು. 1972ರ ಜೂನ್ 28ರಂದು ತೀರಿಕೊಂಡರು. ಮಾರನೇ ದಿನ ಅವರಿಗೆ 79 ತುಂಬುತ್ತಿತ್ತು. 2007ರಿಂದ ಅವರ ಹುಟ್ಟುಹಬ್ಬವನ್ನು ಸಂಖ್ಯಾಶಾಸ್ತ್ರ ದಿನ ಅಂತ ಆಚರಿಸುತ್ತಾರೆ.

ಇದನ್ನೆಲ್ಲ ಬರೆದು ಮೊದಲು ಚಿಕ್ಕಪ್ಪನಿಗೆ ಓದಿ ಹೇಳಿದೆ. ಬುಡ ಆಚೆ ನೂಕಿದ್ದನ್ನೂ ಹೇಳಿದೆ. ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ಕಂಟ್ರಾಕ್ಟರುಗಳು ದುಡ್ಡಿದ್ದವರು, ನಮ್ಮದು ಹೊಟ್ಟೆಪಾಡು, ಎರಡೂ ಒಂದೇನಾ ಅಂತ ಕೇಳಿದರು. ನನಗೆ ಉತ್ತರ ಬರಲಿಲ್ಲ. ಮೇಷ್ಟ್ರನ್ನು ಕೇಳಿದೆ. ನಾಲ್ಕು ಹೊಲದಲ್ಲಿ ಒಂದು ಚೆನ್ನಾಗಿರುವ ಕಡೆ ಬಿದ್ದರೆ ಇನ್ನೊಂದು ಒಣಗಿದ ಕಡೆ ಬೀಳುತ್ತೆ, ಆದರೆ ನಾಲ್ಕೇ ಆದ್ದರಿಂದ ಒಮ್ಮೊಮ್ಮೆ ಎಲ್ಲವೂ ಒಂದೇ ಕಡೆ ಬೀಳಲೂಬಹುದು ಅಂದರು. ಹಾಗಾದರೆ ನಾಲ್ಕರ ಬದಲು ಎಂಟು ಯಾಕೆ ಮಾಡಬಾರದು ಅಂದೆ. ಅದನ್ನು ಬರೆದು ಕಳಿಸು ಅಂದರು. ಪಂಚಾಯ್ತಿಗೆ ಬರೆಯಬೇಕೋ ತಾಲ್ಲೂಕಿಗೋ ಅಂತ ಇನ್ನೂ ತೀರ್ಮಾನ ಆಗಿಲ್ಲ, ಕಾಗದ ಮಾತ್ರ ಬರೆದಿಟ್ಟಿದ್ದೇನೆ.

ಈ ಸಲದ ಕೊಯ್ಲಿಗೂ ಹಗ್ಗ ಹಿಡಿದುಕೊಂಡು ಯಾರಾದರೂ ಬರುತ್ತಾರೆ. ಯಾವ ಸರ್ವೆ ನಂಬರ್ ಬೀಳುತ್ತೋ ಗೊತ್ತಿಲ್ಲ. ಯಾರ ಹೊಲವೇ ಆಗಲಿ, ಮೂಲೆ ಹಿಡಿಯೋಕೆ ನಾನು ಬರ್ತೀನಿ ಅಂತ ಚಿಕ್ಕಪ್ಪನಿಗೆ ಹೇಳಿದ್ದೇನೆ. ಹೂಂ ಅಂದಿದ್ದಾರೆ.

— ಏಳನೇ ತರಗತಿ